ನಿದ್ದೆ ಓಡಿಸುವ ಮಾತ್ರೆ

ಕಂಕನಾಡಿ, ಮಂಗಳೂರು
18-2-1985

ಪ್ರೀತಿಯ ತಂಗಿ ಆಶಾಲತಾಳಿಗೆ, ಅಣ್ಣ ಸರ್ವೋತ್ತಮನ ನೆನಪುಗಳು.

ನಿನ್ನ ಪತ್ರಗಳೆಲ್ಲ ತಲೆದಿಂಬಿನ ಅಡಿಯಲ್ಲಿವೆ. ಉತ್ತರ ಬರೆಯದ್ದಕ್ಕೆ ಬಯ್ಯಬೇಡ. ಬಯ್ದರೂ ಪರವಾಗಿಲ್ಲ, ಬೊಂಬಾಯಿಯಿಂದ ಇಲ್ಲಿಗೆ ಕೇಳಿಸುವುದಿಲ್ಲ. ನಾನೀಗ ಆಸ್ಪತ್ರೆಯಲ್ಲಿದ್ದೇನೆ. ಗಾಬರಿಯಾಗಬೇಡ ಮಾರಾಯ್ತಿ, ಲಾರಿ ಪಲ್ಟಿಯಾಗಿಲ್ಲ, ಕೈಕಾಲು ಸರಿಯಾಗಿವೆ. ಕೆಟ್ಟದ್ದು ತಲೆ.

ಹಂಚಿನ ಲೋಡ್ ಹೇರಿಕೊಂಡು ಬೊಂಬಾಯಿಗೆ ಓಡುವಾಗ ನಿದ್ದೆ ಬರಬಾರದೆಂದು ನಾನು ಮಾತ್ರೆ ನುಂಗುತ್ತಿದ್ದೆ. ಮೊದಲನೆಯದನ್ನು ಕೊಟ್ಟವನು ಜತೆಯ ಡ್ರೈವರ್ ನೋಣಯ್ಯ. "ಒಂದು ಹಾಕು ಮಾರಾಯ, ಹಸಿವೂ ಇಲ್ಲ, ಆಕಳಿಕೆಯೂ ಇಲ್ಲ" ಎಂದಿದ್ದ. ಅಬ್ಬಾ, ಆ ಮೊದಲ ದಿನ! ಸ್ಟೇರಿಂಗ್ ಹಿಡಿದವನು ನಾನೋ ಯಾವ ಸೀಮೆಯ ಅರಸನೋ ಎನ್ನಿಸಿತ್ತು. ಆಮೇಲೆ ಒಂದು ಸಾಲಲಿಲ್ಲ. ಲಾರಿ ಬಿಟ್ಟು ಮನೆಯಲ್ಲಿದ್ದಾಗಲೂ ಬೇಕಾಯಿತು. ಕೊನೆಗೆ ಹಾಡಹಗಲೇ, ರಸ್ತೆಯ ನಡುವೆ ಯಾರೋ ನಿಂತಿದ್ದಾರೆಂದು ಬ್ರೇಕ್ ಹಾಕಿ ಇಳಿದು, ಇಲ್ಲದ ಮನುಷ್ಯನ ಜತೆ ಜಗಳಕ್ಕೆ ನಿಂತೆನಂತೆ. ಆ ನೋಣಯ್ಯನೇ ಹಿಡಿದು ತಂದು ಇಲ್ಲಿ ಸೇರಿಸಿದ.

ಬಾಗಿ ದೊಡ್ಡಮ್ಮ ನೋಡಲು ಬಂದಿದ್ದರು. "ಇದು ಡಾಕ್ಟರಿಂದ ಗುಣ ಆಗುವಂಥದ್ದಲ್ಲ. ದಾರಿಯಲ್ಲಿ ಎಂತದೋ ಸೋಂಕಿದೆ. ದೈವಕ್ಕೆ ಹರಕೆ ಹೇಳಿದ್ದೇನೆ" ಎಂದರು. ಹ್ಞೂಂ ಎಂದೆ. ಅವರ ಜತೆ ವಾದ ಮಾಡುವುದುಂಟಾ! ನನಗಿಷ್ಟವೆಂದು ಕೋಳಿಸಾರು ಹಾಕಿ ಕೋರಿರೊಟ್ಟಿ ಮಾಡಿ ತಂದಿದ್ದರು. ತಿಂದೆ. ಖಾರ ಗೊತ್ತಾಯಿತು, ಉಪ್ಪು ಗೊತ್ತಾಯಿತು, ಖುಷಿ ಮಾತ್ರ ಬರಲಿಲ್ಲ. "ಹೇಗುಂಟು ಮಗಾ?" ಎಂದು ಕೇಳಿದರು. "ಲಾಯ್ಕುಂಟು" ಎಂದೆ.

ಮರುದಿನ ಡಾಕ್ಟರ್ ಚೆನ್ನಪ್ಪನವರ ಹತ್ತಿರ ಈ ಖುಷಿ ಬಾರದ ಸಂಗತಿ ಹೇಳಿದೆ. ಅವರು ಮಂಚದ ತುದಿಯಲ್ಲಿ ಕುಳಿತರು. "ಮೆದುಳಿನಲ್ಲಿ ಡೋಪಮಿನ್ ಅಂತ ಒಂದು ರಸ ಉಂಟು. ಊಟ ರುಚಿಸುವುದು, ಬೇಕಾದವರನ್ನು ಕಂಡರೆ ಖುಷಿಯಾಗುವುದು, ಇದರಲ್ಲೆಲ್ಲ ಅದರ ಕೈ ಉಂಟು. ನಿಮ್ಮ ಮಾತ್ರೆ ಅದನ್ನು ಒಮ್ಮೆಗೇ ಸುರಿಸಿಬಿಡ್ತದೆ. ಸುರಿದು ಸುರಿದು ಈಗ ಅದೂ ಕಡಿಮೆ, ಅದನ್ನು ಹಿಡಿದುಕೊಳ್ಳುವ ಜಾಗವೂ ಮಂದ" ಎಂದರು.

"ಪುನಃ ಸರಿಯಾಗ್ತದಾ ಡಾಕ್ಟರೇ?"

"ಮಾತ್ರೆ ಮುಟ್ಟದಿದ್ದರೆ ನಿಧಾನಕ್ಕೆ ಆಗ್ತದೆ. ತಿಂಗಳುಗಟ್ಟಲೆ ಬೇಕು. ಮೊದಲಿನಷ್ಟೇ ಆಗ್ತದೆ ಅಂತ ನಾನು ಹೇಳ್ಲಿಕ್ಕೆ ಆಗುವುದಿಲ್ಲ."

ಸುಳ್ಳು ಹೇಳದ ಡಾಕ್ಟರು. ಅವರ ಮೇಲೆ ನನಗೆ ಸಿಟ್ಟು ಬರಬೇಕಿತ್ತು, ಅದೂ ಸರಿಯಾಗಿ ಬರಲಿಲ್ಲ.

ಇಲ್ಲಿ ಜನಕ್ಕೇನೂ ಬರವಿಲ್ಲ. ಪಕ್ಕದ ಮಂಚದ ಮೊಯ್ದೀನಬ್ಬ ಬ್ಯಾರಿಗಳಿಗೆ ಮಗ ದುಬಾಯಿಯಿಂದ ಮಾತು ತುಂಬಿದ ಕ್ಯಾಸೆಟ್ ಕಳಿಸುತ್ತಾನೆ. ಅದನ್ನು ಹಾಕಿ ವಾರ್ಡಿಗೆಲ್ಲ ಕೇಳಿಸುತ್ತಾರೆ. ಮಗನ ತಮಾಷೆಗೆ ಎಲ್ಲರೂ ನಗುತ್ತಾರೆ. "ಎಂತ ಸರ್ವೋತ್ತಮಣ್ಣ, ಒಮ್ಮೆ ನಗಬಾರದಾ?" ಎನ್ನುತ್ತಾರೆ. ಮಾತು ಅರ್ಥವಾಗುತ್ತದೆ, ಇಲ್ಲಿ ನಗಬೇಕೆಂದೂ ಗೊತ್ತಾಗುತ್ತದೆ, ಹಲ್ಲು ತೋರಿಸುತ್ತೇನೆ. ಇಷ್ಟು ಜನರ ನಡುವೆ ಇಷ್ಟು ಒಂಟಿಯಾಗಿ ನಾನು ಯಾವತ್ತೂ ಇರಲಿಲ್ಲ ಆಶಾ.

ರಜೆಗೆ ಕೂಸನ್ನು ಕರೆದುಕೊಂಡು ಬರುತ್ತೇನೆ ಎಂದು ಬರೆದಿದ್ದಿ. ಈ ಸಲ ಬೇಡ. ಮಹಾಬಲ ಭಾವನಿಗೂ ಹೋಟೇಲಿನ ಕೆಲಸ ಇರುತ್ತದಲ್ಲ. ಮುಂದೆ ನೋಡಿದರಾಯಿತು.

ಭಾವನಿಗೆ ನನ್ನ ನಮಸ್ಕಾರ ತಿಳಿಸು. ನೀನೂ ಕೂಸೂ ನೂರು ಕಾಲ ಸುಖವಾಗಿರಿ.

ನಿನ್ನ ಅಣ್ಣ,
ಸರ್ವೋತ್ತಮ

ಮತ್ತೊಂದು ಮಾತು: ಬೇಡ ಎಂದದ್ದು ಭಾವನ ಹೋಟೇಲಿಗಾಗಿ ಅಲ್ಲ. ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಇಡುವವನು ಸೋದರಮಾವ. ಆ ದಿನ ಅವಳನ್ನು ಎತ್ತಿಕೊಂಡು, ತೀರಿಹೋದ ಅಮ್ಮನ ಹೆಸರನ್ನು "ಹೇಮಾಕ್ಷಿ" ಎಂದು ಕಿವಿಯಲ್ಲಿ ಹೇಳುವಾಗ ನನ್ನ ಕಣ್ಣಲ್ಲಿ ನೀರು ಇಳಿಯಿತಲ್ಲ. "ನೋಡಿ, ಮಾವನಿಗೆ ಖುಷಿ ತಡೀಲಿಕ್ಕೆ ಆಗ್ತಾ ಇಲ್ಲ" ಎಂದು ನೀನು ಬಂದವರಿಗೆಲ್ಲ ತೋರಿಸಿದೆ. ಅದು ಖುಷಿಯಲ್ಲ ಆಶಾ. ಆಗಲೇ ಮಾತ್ರೆ ಶುರುವಾಗಿತ್ತು. ಅಮ್ಮನ ಹೆಸರು ಹೇಳಿದೆ, ಕೂಸು ನನ್ನ ಬೆರಳು ಹಿಡಿಯಿತು, ಒಳಗೆ ಏನೂ ಆಗಲಿಲ್ಲ. ನಾನು ಅತ್ತದ್ದು ಹೆದರಿ.

ಬೇಡ ಎಂದು ಮೇಲೆ ಬರೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡ. ಬಾ. ಅವಳನ್ನು ನನ್ನ ಮಡಿಲಲ್ಲಿ ಕೂರಿಸಿ ನೀನು ಒಳಗೆ ಹೋಗು. ನನ್ನ ಮುಖ ಮಾತ್ರ ನೋಡಬೇಡ.