ಮೋತ್ಯಾನಿಗೆ ಕಿವಿ ಕೇಳದಾದದ್ದು

ಲಿಂಗದಲ್ಲಿ ಕೂಡಿಹೋದ ನನ್ನ ಅತ್ತೆವ್ವನ ಪಾದಕ್ಕೆ ಸೊಸೆಯ ಶರಣು.

ನೀವು ಹೋಗಿ ಎರಡು ವರ್ಷವಾಯಿತು. ಜಿಡಗಾ ಮಠದ ಸಾಲಿಯಲ್ಲಿ ಅಯ್ಯನವರು ಮರಳಿನ ಮೇಲೆ ತಿದ್ದಿಸಿದ ಅಕ್ಷರದಲ್ಲಿ ನಿಮಗೆ ಇದೇ ನನ್ನ ಮೊದಲ ಕಾಗದ. ಲಡಾಯಿ ಶುರುವಾದಾಗಿನಿಂದ ನಮ್ಮ ಕಿಣ್ಣಿ ಊರಿಗೆ ಸೀಮೆಎಣ್ಣೆ ಬರುವುದೇ ಅಪರೂಪ. ಅದಕ್ಕೆ ಪೂಜೆ ಮುಗಿಸಿ, ಬೆಳಕಿರುವಾಗಲೇ ಕೂತಿದ್ದೇನೆ. ನಿಮ್ಮ ನಾಯಿ ಮೋತ್ಯಾನ ವಿಷಯ ಹೇಳಬೇಕು. ಅದನ್ನು ಹೇಳದೆ ಇನ್ನೊಂದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಸಂಜೆ ಗುಡಿಯಲ್ಲಿ ಶಂಖ ಊದಿದರೆ ಮೋತ್ಯಾ ಮೂತಿ ಮೇಲೆತ್ತಿ ಊಳಿಡುತ್ತಿದ್ದದ್ದು ನೆನಪಿದೆಯೇ? "ನಮ್ಮ ಮೋತ್ಯಾ ಮಂಗಳಾರತಿ ಹಾಡಾಕತ್ತಾನ" ಎಂದು ನೀವು ನಗುತ್ತಿದ್ದಿರಿ. ಈ ಶ್ರಾವಣದಲ್ಲಿ ಅದು ನಿಂತುಹೋಯಿತು. ಶಂಖ ಊದಿದರೂ ಮುಂಗಾಲ ಮೇಲೆ ಗದ್ದ ಇಟ್ಟು ಸುಮ್ಮನೆ ಮಲಗಿರುತ್ತಿತ್ತು. ಬಾಜೂಮನೆ ಗುರುಬಾಯಿ ಗೋಡೆಯ ಮೇಲಿಂದ ಇಣುಕಿ, "ನಿಮ್ಮ ನಾಯಿಗಿ ಭಕ್ತಿ ಬಂದದ ನೋಡ್ರಿ. ನಿಮಗಿಂತ ಮೊದಲ ಅದೇ ಕೈಲಾಸಕ್ಕ ಹೋಗ್ತದ" ಅಂದಳು. ನನಗೆ ನಗು ಬರಲಿಲ್ಲ. ನಾನು ಕರೆದರೂ ಅದು ತಿರುಗಿ ನೋಡುತ್ತಿರಲಿಲ್ಲ. ಇವಳೇ ರೊಟ್ಟಿಯಲ್ಲಿ ಏನೋ ಮದ್ದು ಹಾಕಿ ತನ್ನ ಕಡೆ ಮಾಡಿಕೊಂಡಿದ್ದಾಳೆ ಅಂದುಕೊಂಡೆ. ಯಾರೂ ಇಲ್ಲದಾಗ ನಾಯಿಯ ಬಾಯಿಗೆ ಮೂಗು ಹಚ್ಚಿ ವಾಸನೆ ಕೂಡ ನೋಡಿದೆ. ಬೆಳ್ಳುಳ್ಳಿ ವಾಸನೆ. ನಮ್ಮ ಮನೆಯಲ್ಲಿ ಅವತ್ತು ಬೆಳ್ಳುಳ್ಳಿ ಮುಟ್ಟಿರಲಿಲ್ಲ.

ಅದಾಗಿ ನಾಲ್ಕು ದಿನಕ್ಕೆ ಗುರುಬಾಯಿ ಕೈಗೆ ಅರಿವೆ ಸುತ್ತಿಕೊಂಡು ಅಂಗಳದಲ್ಲಿ ನಿಂತಳು.

"ಕಡೀತ್ರಿ ನಿಮ್ಮ ಭಕ್ತ."

"ನಮ್ಮ ನಾಯಿ ಮೈ ಮ್ಯಾಲ ನಿನ್ನ ಕೈ ಯಾಕ ಹೋತು?"

"ಮಲಗಿತ್ರಿ. ಎರಡು ಸಲ ಕರದೆ, ಏಳಲಿಲ್ಲ. ಸತ್ತದೇನೋ ಅಂತ ಮುಟ್ಟಿದೆ."

"ಕರಿಯೂ ಕೆಲಸ ಏನಿತ್ತು?"

"ನಾಯಿ ಕರ್ಯಾಕ ಸುದ್ದಾ ನಿಮ್ಮ ಹುಕುಂ ಬೇಕೇನ್ರಿ?"

ನಿಮ್ಮ ಮಗ ಒಳಗೇ ಇದ್ದರು, ಎಲ್ಲ ಕೇಳಿಸಿಕೊಂಡರು. "ಕರದ್ರ ಬರಂಗಿಲ್ಲ, ಬಂದವರಿಗೆ ಬೊಗಳಂಗಿಲ್ಲ, ಈಗ ಕಡ್ಯಾಕೂ ಹತ್ತೇದ. ಬರೂ ಸೋಮವಾರ ಎತ್ತು ನೋಡಾಕ ಅಫಜಲಪುರಕ್ಕ ಹೊಂಟೇನಿ. ಬಂಡ್ಯಾಗ ಹಾಕ್ಕೊಂಡು ಹೋಗಿ ಭೀಮಾ ಹೊಳಿ ದಾಟಿಸಿ ಬಿಟ್ಟು ಬರ್ತೇನಿ" ಅಂದರು. ನೀವು ಬಾಯಲ್ಲಿ ಅಗಿದು ತಿನ್ನಿಸಿ ಬೆಳೆಸಿದ ನಾಯಿ ಅದು. ನನ್ನ ಕೈಯಲ್ಲಿ ಇದ್ದದ್ದು ಎಂಟು ದಿನ.

ಮರುದಿನ ಜೋಳ ಕುಟ್ಟುತ್ತಿದ್ದಾಗ ನನ್ನ ಸಂಶಯ ಗುರುಬಾಯಿಯನ್ನು ಬಿಟ್ಟು ನಾಯಿಯ ಮೇಲೆ ಹೋಯಿತು. ಒನಕೆ ಒಳ್ಳಿಗೆ ಬಿದ್ದ ಕೂಡಲೇ ಅದು ಎದ್ದು ಬಂತು. ಒನಕೆ ಸಪ್ಪಳ ಕೇಳುವ ಕಿವಿಗೆ ನನ್ನ ದನಿ ಕೇಳುವುದಿಲ್ಲವೇ? ನಾಟಕ ಇದು, ಅಂದುಕೊಂಡೆ. ಅಂದ ಮೇಲೆ ನೆನಪಾಯಿತು, ನಿಮಗೂ ಇದೇ ಮಾತು ಅಂದಿದ್ದೆ. ಎದುರಿಗೆ ಅಲ್ಲ, ಬಾವಿಕಟ್ಟೆಯಲ್ಲಿ. "ನಮ್ಮ ಅತ್ತೆವ್ವಗ ಬೇಕಾದ್ದು ಕೇಳಸ್ತದ, ಬ್ಯಾಡಾದ್ದು ಕೇಳಂಗಿಲ್ಲ" ಎಂದು ಹೆಂಗಸರನ್ನು ನಗಿಸಿದ್ದೆ. ಮೂರು ಸಲ ಕೂಗಿದರೂ ನೀವು ಓಗೊಡುತ್ತಿರಲಿಲ್ಲ. ಅದೇ ನಾನು ಹೊಸ್ತಿಲು ದಾಟಿ ಎರಡು ಹೆಜ್ಜೆ ಇಡುವುದರೊಳಗೆ ಹೊರಳಿ ನೋಡುತ್ತಿದ್ದಿರಿ. ಕಂಬದ ಹತ್ತಿರ ನಿಮಗೆಂದು ಕೌದಿ ಹಾಸಿದರೆ ಅದನ್ನು ಸರಿಸಿ ಬರಿ ನೆಲದ ಮೇಲೆ ಕೂಡುತ್ತಿದ್ದಿರಿ. ನಾನು ಹೊಲಿದ ಕೌದಿ ಎಂದು ಬೇಡವಾಯಿತು ಅಂತ ಎಷ್ಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೆ...

ಗುರುವಾರ ಮೋಡ ಮುಸುಕಿ ಗಾಳಿ ತಣ್ಣಗಿತ್ತು. ಹಳೆಯ ಕೌದಿಯೊಂದನ್ನು ನಾಲ್ಕು ಮಡಿಕೆ ಮಾಡಿ ಮೋತ್ಯಾನಿಗೆ ಹಾಸಿದೆ. ಅವತ್ತು ಒನಕೆ ಹಾಕಿದರೂ ಏಳಲಿಲ್ಲ. ಇದೊಂದು ಹೊಸ ನಾಟಕ ಅಂದುಕೊಂಡು ಕೌದಿ ಎಳೆದೆ. ನೆಲದ ಮೇಲೆ ಮಲಗಿತು. ಕುಟ್ಟಿದೆ. ಕಿವಿ ಅಲುಗಲಿಲ್ಲ, ಹೊಟ್ಟೆಯ ಚರ್ಮ ಅದುರಿತು, ಎದ್ದಿತು. ಮತ್ತೆ ಹಾಸಿದೆ, ಕುಟ್ಟಿದೆ, ಏಳಲಿಲ್ಲ. ತೆಗೆದೆ, ಎದ್ದಿತು. ಗೋಡೆಯ ಮೇಲೆ ಗುರುಬಾಯಿಯ ತಲೆ ಕಂಡಿತು. "ಏನ್ರೀ, ನಾಯಿಗಿ ಹಾಸೂದು ತಗಿಯೂದು ನಡಸೀರಿ?" ಒನಕೆ ಹಿಡಿದ ಕೈ ನಿಂತುಹೋಗಿತ್ತು.

ಕೌದಿ ಸರಿಸಿ, ಅಂಗೈ ನೆಲಕ್ಕೆ ಊರಿ ಕೂಡುತ್ತಿದ್ದಿರಲ್ಲ ಅತ್ತೆವ್ವಾ, ನಮ್ಮ ಹೆಜ್ಜೆ ತಿಳಿಯಲೆಂದೇ? ಬಾಗಿಲಿಗೆ ಯಾರು ಬಂದರೆಂದು ಮೋತ್ಯಾನ ಮುಖ ನೋಡಿ ತಿಳಿಯುತ್ತಿದ್ದಿರೇನು? ಕಿವುಡಿ ಅನ್ನಿಸಿಕೊಳ್ಳಲು ನಿಮಗೆ ಮನಸ್ಸಿರಲಿಲ್ಲವೋ ಏನೋ. ನನಗಾದರೂ ಹೇಳಬಹುದಿತ್ತು ಅನ್ನುತ್ತೇನೆ. ಹೇಳಿದ್ದರೆ ನಾನು ನಂಬುತ್ತಿದ್ದೆನೇ?

ಉಳಿದ ನಾಲ್ಕು ದಿನ ಅದಕ್ಕೆ ಕಲಿಸಿದೆ, ನಾನೂ ಕಲಿತೆ. ಹಿಂದಿನಿಂದ ಹೋಗಬಾರದು. ಹೋಗುವ ಮೊದಲು ಹಿಮ್ಮಡಿಯಿಂದ ನೆಲಕ್ಕೆ ಎರಡು ಪೆಟ್ಟು. ತಿರುಗಿದರೆ ಒಂದು ರೊಟ್ಟಿ ಚೂರು. ಅಂಗೈ ಚಾಚಿದರೆ ಬಾ, ಕೆಳಗೆ ಮಾಡಿದರೆ ಕೂಡು. ಮಲಗಿದ್ದಾಗ ಮುಟ್ಟಬಾರದು, ಮೂಗಿನ ಮುಂದೆ ರೊಟ್ಟಿ ಹಿಡಿದು ಅದಾಗಿ ಕಣ್ಣು ತೆರೆಯುವವರೆಗೆ ನಿಂದಿರಬೇಕು. ಗುರುಬಾಯಿಗೂ ಹೇಳಿಕೊಟ್ಟೆ. ಇಲ್ಲದಿದ್ದರೆ ಮತ್ತೆ ಕಡಿಸಿಕೊಂಡು ಊರೆಲ್ಲ ಹೇಳಿಕೊಂಡು ಬರುತ್ತಿದ್ದಳು.

"ನಿಮ್ಮ ನಾಯಿ ಸಲುವಾಗಿ ನನ್ನ ಹಿಮ್ಮಡ ಸವದು ಹೋಗ್ತದ್ರಿ" ಅಂದಳು.

"ಖರೆ ಹೇಳು, ರೊಟ್ಟಿ ಹಾಕ್ತಿದ್ದಿಲ್ಲ?"

"ಹಾಕ್ತಿದ್ದೆ. ನೀವು ಹಾಕೂದು ಅದಕ್ಕ ಸಾಲಂಗಿಲ್ಲ."

ಮದ್ದು ಇರಲಿಲ್ಲ ಎಂದು ಈಗ ಗೊತ್ತು. ಆದರೂ ಅವಳ ಮನೆ ಕಡೆಯಿಂದ ಬಂದರೆ ಬಾಯಿ ಮೂಸಿ ನೋಡುತ್ತೇನೆ. ನನ್ನ ಗುಣ ನಿಮಗೆ ಗೊತ್ತಲ್ಲ.

ಸೋಮವಾರ ಬೆಳಿಗ್ಗೆ ನಿಮ್ಮ ಮಗ ಬಂಡಿ ಹೂಡಿ ಹಗ್ಗ ಹಿಡಿದು ಬಂದರು.

"ನಾಯಿ ಕೆಟ್ಟಿಲ್ರಿ, ಕಿವುಡಾಗೇದ" ಅಂದೆ.

"ಕಿವುಡ ನಾಯಿ ಏನ ಕಾಯ್ತದ?"

"ಅದರ ಹಿಂದ ನಿಂತು ಒಂದೀಟು ಹಿಮ್ಮಡ ಬಡೀರಿ."

ಬಡಿದರು. ಮೋತ್ಯಾ ತಿರುಗಿತು. ನಾನು ಅಂಗೈ ಚಾಚಿದೆ, ಬಂತು. ಕೆಳಗೆ ಮಾಡಿದೆ, ಕೂತಿತು. ಅವರು ದೂರ ಹೋಗಿ ಮತ್ತೆ ಬಡಿದು ನೋಡಿದರು. ತಾಯಿಯ ಮಗ, ನನಗಿಂತ ಕಡಿಮೆ ಸಂಶಯದವರೇನಲ್ಲ. ಮೂರನೆಯ ಸಲಕ್ಕೆ ಹಗ್ಗವನ್ನು ಬಂಡಿಯೊಳಗೆ ಎಸೆದರು. "ಹೊಸ್ತಲ ಬಾಜೂ ಬರಿ ನೆಲದ ಮ್ಯಾಲ ಮಲಗಸು. ಬಂಡಿ ಬಂದ್ರ ನಮಗಿಂತ ಮೊದಲ ಅದಕ್ಕ ತಿಳೀತದ" ಎಂದು ಒಬ್ಬರೇ ಅಫಜಲಪುರಕ್ಕೆ ಹೋದರು.

ಬಂಡಿ ಮರೆಯಾದ ಮೇಲೆ ನಿಮ್ಮ ಕಂಬದ ಹತ್ತಿರ ಕೂತು ಅತ್ತುಬಿಟ್ಟೆ. ಕೊನೆಯ ಬೇನೆಯಲ್ಲಿ ನಿಮ್ಮನ್ನು ಹೊರಸಿನ ಮೇಲೆ ಮಲಗಿಸಿದ್ದೆವು. "ನನ್ನ ನೆಲಕ್ಕ ಹಾಕ್ರೇ" ಎಂದು ದಿನವೂ ಬೇಡಿಕೊಂಡಿರಿ. ನೆಲಕ್ಕೆ ಹಾಕುವುದು ಜೀವ ಹೋಗುವವರನ್ನು. ನೀವು ಸಾವು ಬೇಡುತ್ತಿದ್ದೀರಿ ಎಂದೇ ತಿಳಿದು, ಅಂಥ ಮಾತು ಆಡಬೇಡಿ ಎಂದು ಗದರಿಸಿ, ಮೈಕೆಳಗೆ ಇನ್ನೊಂದು ಕೌದಿ ಹಾಕಿದೆ. ನಿಮಗಿದ್ದ ಒಂದೇ ದಾರಿಯನ್ನೂ ಮುಚ್ಚಿದೆ.

ಆ ವಾರವೇ ಜೇವರ್ಗಿಯಿಂದ ನನ್ನ ಮಗಳು ನೀಲವ್ವನ ಸುದ್ದಿ ಬಂತು. ಒಲೆಯ ಮುಂದೆ ಕೂತೇ ನಿಮ್ಮ ಬೆನ್ನಿಗೆ ಹೇಳಿದೆ. ನೀವು ಹೊರಳಲಿಲ್ಲ. ಗಂಡಲ್ಲ ಎಂದು ಮುಖ ತಿರುವಿದಿರಿ ಅಂದುಕೊಂಡು, ಜಿದ್ದಿಗೆ ಬಿದ್ದು ಮತ್ತೆ ಹೇಳಲೇ ಇಲ್ಲ. ಮೂರನೆಯ ದಿನ ನೀವು...

ಈಗ ನಿಮ್ಮ ಕಂಬದ ಮುಂದೆ, ನಿಮ್ಮ ಎದುರಿಗೇ ಬಂದು ಕೂತಿದ್ದೇನೆ. ನನ್ನ ಬಾಯಿ ನೋಡಿರಿ ಅತ್ತೆವ್ವಾ. ನೀಲವ್ವ ಹಡೆದಾಳ್ರಿ. ಹೆಣ್ಣು ಕೂಸು. ತಾಯಿ, ಕೂಸು ಇಬ್ಬರೂ ಹುಷಾರ ಅದಾರ. ತೊಟ್ಟಿಲಿಗೆ ಹಾಕುವ ದಿನ ನಿಮ್ಮ ಹೆಸರನ್ನೇ ಇಟ್ಟರು. ಸೊಸೆಯ ಬಾಯಲ್ಲಿ ಆ ಹೆಸರು ಬರಬಾರದಲ್ಲ, ಅದಕ್ಕೆ ಆ ಕೂಸನ್ನು ನಾನು ಅತ್ತೆವ್ವಾ ಅಂತಲೇ ಕರೆಯುತ್ತೇನೆ. ಒಮ್ಮೆ ಕರೆದರೆ ಸಾಕು, ಎಲ್ಲಿದ್ದರೂ ಓ ಅನ್ನುತ್ತಾಳೆ.