ಹನ್ನೆರಡನೆಯ ದೇವದಾರು

ಅಪ್ಪ,

ಸೆರವಾಲ್ತಿ ಕೌಂಟ್ ದೊರೆಗಳ ಅರಮನೆಯ ತೋಟವನ್ನು ಇವತ್ತು ಊರಿಗೆ ತೆರೆದರು. ಆ ಮನೆತನದಲ್ಲಿ ಮಗು ಹುಟ್ಟಿದಾಗಲೆಲ್ಲ ಮಾಲಿಗಳು ನೆಟ್ಟ ಹನ್ನೊಂದು ದೇವದಾರುಗಳಿಗೆ ಈಗ ಹೆಸರಿನ ಫಲಕಗಳಿವೆ. ಅರಮನೆಯ ದಾಖಲೆ ನೋಡಿ ಬರೆದದ್ದು ನಾನು.

ಕೊಳದ ಹಿಂದೆ ಹನ್ನೆರಡನೆಯದನ್ನು ಕಂಡು ಪುರಸಭೆಯ ಎರ್ಮೆಸ್ ಕೇಳಿದ: "ಇದ್ಯಾರ್ದು ಮೇಡಂ? ಕೌಂಟ್ ಸಾಹೇಬ್ರು ಹೆಂಡ್ತಿಗೆ ಹೇಳ್ದೆ ನೆಡ್ಸಿದ್ದಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ದಾಖಲೆಯಲ್ಲಿಲ್ಲ. ತಾನಾಗೇ ಹುಟ್ಟಿರ್ಬೇಕು" ಎಂದೆ.

"ಹಾಗಾದ್ರೆ ಕಡಿಸ್ಬಿಡೋಣ. ದಾರಿಗೆ ಅಡ್ಡ."

ನಾನು ಹುಟ್ಟಿದ ವಾರ ನೀನು ಅದನ್ನು ಕದ್ದು ನೆಟ್ಟೆಯಂತೆ. ಅರಮನೆಯ ಕಿಟಕಿಗೆ ಕಾಣದಿರಲೆಂದು ವರ್ಷವರ್ಷವೂ ತುದಿ ಕತ್ತರಿಸುತ್ತಿದ್ದೆಯಂತೆ. ಅಮ್ಮ ಹೇಳಿದ್ದಳು. ಅದಕ್ಕೇ ಅದು ಗಿಡ್ಡವಾಗಿ, ಅಗಲಕ್ಕೆ ಹರಡಿಕೊಂಡಿದೆ.

ನಾನು ಆ ತೋಟದ ಮಾಲಿಯ ಮಗಳೆಂದು ಎರ್ಮೆಸ್‌ಗೆ ಹೇಳಿಲ್ಲ.

ಸೋಮವಾರ ಗರಗಸದವರು ಬರುತ್ತಾರೆ. ಇವತ್ತು ಶನಿವಾರ. ಎರ್ಮೆಸ್‌ನ ಫೋನ್ ನಂಬರು ನನ್ನ ಬಳಿ ಇದೆ.