ಹಲ್ಲಿಗೆ ಕ್ಯಾಪು, ಅವರ ವಿಮೆ

ಮಾರ್ಚ್ ೧೨, ಗುರುವಾರ

ದವಡೆ ಹಲ್ಲಿಗೆ ಕ್ಯಾಪ್ ಕೂರಿಸಿಯಾಯಿತು. ವಸಡು ಇನ್ನೂ ಚುಳುಕ್ ಎನ್ನುತ್ತಿದೆ. "ಅಂಟು ಮಿಠಾಯಿ ಮುಟ್ಟಲೇಬೇಡಿ" ಎಂದರು ಡಾಕ್ಟರಮ್ಮ.

ಹಣ ಕಟ್ಟಲು ಹೋದರೆ ಕೌಂಟರಿನ ಹುಡುಗಿ, "ಬೇಡ ಮೇಡಂ, ವಿಮೇಲೇ ಆಗುತ್ತೆ. ನಿಮ್ಮ ಯಜಮಾನ್ರು ಈ ವರ್ಷಾನೂ ನಿಮ್ಮ ಹೆಸರು ಸೇರಿಸಿದ್ದಾರಲ್ಲ" ಎಂದಳು.

ಯಜಮಾನರಂತೆ! ಬೇರೆ ಬೇರೆ ಮನೆ ಮಾಡಿಕೊಂಡು ಆರು ವರ್ಷವಾಯಿತು. ಮಾತಿಲ್ಲ, ಕತೆಯಿಲ್ಲ. ಆದರೂ ವರ್ಷವರ್ಷವೂ ತುಟಿಪಿಟಕ್ಕೆನ್ನದೆ ನನ್ನ ಹೆಸರು ಬರೆಸುತ್ತಲೇ ಬಂದಿದ್ದಾರೆ.

ಮನೆಗೆ ಬಂದವಳೇ ಅವರಿಗೆ ಫೋನ್ ಮಾಡಿದೆ.

"ಯಾಕೆ, ಏನಾಯ್ತು?" ಗಾಬರಿಯಾಗಿದ್ದರು.

"ಏನಿಲ್ಲ, ಹಲ್ಲು."

"ತುಂಬಾ ನೋವಾ?"

"ಇಲ್ಲ" ಎಂದು ಇಟ್ಟುಬಿಟ್ಟೆ.

ಹೌದು ಎಂದಿದ್ದರೆ ಇನ್ನೂ ಸ್ವಲ್ಪ ಹೊತ್ತು ಮಾತಾಡುತ್ತಿದ್ದರೋ ಏನೋ. ಹೌದು ಎನ್ನಲು ನನಗೇನು ಧಾಡಿಯಾಗಿತ್ತೋ!